ಅಕ್ಕೋರ ಕೂದಲಿನ ಬಣ್ಣ

ಅಂತ್ಯಕ್ರಿಯೆ ನಡೆಸಿಕೊಡುವ ಫ್ಯೂನರಲ್ ಹೋಮಿನ ಹೆಂಗಸು ತುಂಬ ಮೆತ್ತಗೆ ಮಾತಾಡುತ್ತಿದ್ದಳು. ಅಕ್ಕೋರ ಮಗಳು ಫೋನನ್ನು ಸ್ಪೀಕರಿಗೆ ಹಾಕಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟಿದ್ದಳು. ಯಾವ ಸೀರೆ ಉಡಿಸಬೇಕು, ಒಡವೆ ಇರಲೇ ಬೇಡವೇ, ಕುಂಕುಮ ನೀವೇ ಇಡುತ್ತೀರಾ ಎಂದೆಲ್ಲ ಕೇಳಿ ಮುಗಿಸಿದ ಮೇಲೆ ಆ ಹೆಂಗಸು ಸ್ವಲ್ಪ ತಡೆದಳು. ನಿಮ್ಮ ತಾಯಿಯ ಕೂದಲು ಬುಡದಲ್ಲಿ ಮೂರು ಬೆರಳಗಲದಷ್ಟು ಬೇರೆ ಬಣ್ಣ ಇದೆ, ಅಲ್ಲಿಂದ ಮುಂದೆ ಕಪ್ಪು. ನಾವು ಒಂದೇ ಸಮ ಮಾಡಿಕೊಡಬಹುದು, ಯಾವ ಬಣ್ಣ ಎಂದು ಹೇಳಿ ಸಾಕು, ಎಂದಳು.

"ಕಪ್ಪು" ಎಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿದಳು. "ಹೌದಲ್ಲ ಆಂಟಿ?"

"ನಾಳೆ ಬೆಳಿಗ್ಗೆ ಹೇಳ್ತೀವಿ ಅನ್ನು" ಎಂದೆ.

ಆ ಮೂರು ಬೆರಳಗಲದ ಕೂದಲು ಯಾಕೆ ಹಾಗೆ ಬೆಳೆದಿತ್ತು ಎಂಬುದು ಮಗಳಿಗೆ ಗೊತ್ತಿರಲಿಲ್ಲ. ಅಮ್ಮನಿಗೆ ಈಚೆಗೆ ಮೈಯಲ್ಲಿ ಹುಷಾರಿರಲಿಲ್ಲ, ಬಣ್ಣ ಹಚ್ಚಿಕೊಳ್ಳಲು ಬೇಸರಪಟ್ಟರು ಎಂದುಕೊಂಡಿದ್ದಳು. ನನಗೆ ಗೊತ್ತಿತ್ತು. ಗೊತ್ತಿದ್ದವಳು ನಾನೊಬ್ಬಳೇ ಎಂದು ಆ ದಿನ ನಾನು ನಂಬಿದ್ದೆ.

ನಾವೆಲ್ಲ ಅವರನ್ನು ಅಕ್ಕೋರು ಎನ್ನುತ್ತಿದ್ದೆವು. ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸನ್ನು ಹಾಗೆ ಕರೆಯುತ್ತಾರೆ. ಬೆಂಗಳೂರಿನವಳಾದ ನಾನು ಆ ಮಾತನ್ನು ಕಲಿತದ್ದು ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿಗೆ ಬಂದ ಮೇಲೆ, ಅವರಿಂದಲೇ. ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾಗಿ, ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದಿದ್ದರು. ಅವರ ಟೌನ್‌ಹೌಸಿಗೂ ನಮ್ಮದಕ್ಕೂ ನಡುವೆ ಒಂದೇ ಗೋಡೆ. ಬೆಳಿಗ್ಗೆ ಅವರು ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು ಬರುತ್ತಿತ್ತು.

ಮೊದಲು ಮೊಮ್ಮಗನಿಗೆ ಮಾತ್ರ ಹೇಳಿಕೊಡುತ್ತಿದ್ದರು. ಅವನ ಗೆಳೆಯರು ಬಂದರು. ಗೆಳೆಯರ ಅಕ್ಕಂದಿರು ಬಂದರು. ಎರಡು ವರ್ಷ ಕಳೆಯುವುದರಲ್ಲಿ ಶನಿವಾರ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದಂತಾಯಿತು. ಗ್ಯಾರೇಜಿನಿಂದ ಕಾರು ಹೊರಗೆ ಹೋಗಿ, ಜಮಖಾನ ಒಳಗೆ ಬಂತು. ಗೋಡೆಗೆ ಕಪ್ಪು ಹಲಗೆ. ವೈಟ್‌ಬೋರ್ಡು ಯಾರೋ ತಂದುಕೊಟ್ಟಿದ್ದರು, ಅದಕ್ಕೆ ಮೊಮ್ಮಗನ ಸೈಕಲ್ಲು ಒರಗಿಸಿದ್ದರು. ಹಣ ಮುಟ್ಟುತ್ತಿರಲಿಲ್ಲ. ಬಲವಂತ ಮಾಡಿದವರಿಗೆ, ಊರಿಗೆ ಹೋದಾಗ ಒಂದು ಡಬ್ಬಿ ಸೀಮೆಸುಣ್ಣ ತನ್ನಿ ಎನ್ನುತ್ತಿದ್ದರು. ನನ್ನ ಮಗಳು ಅಲ್ಲಿ ಕಲಿತು ಕಾಲೇಜಿಗೆ ಹೋದಳು; ಆಮೇಲೂ ನಾನು ಶನಿವಾರ ಹೋಗಿ ಮಕ್ಕಳನ್ನು ಕೂರಿಸುವುದು, ಹಾಳೆ ಹಂಚುವುದು ಮಾಡುತ್ತಿದ್ದೆ.

ಅವರು ಸೀರೆಯ ಮೇಲೆ ಸ್ವೆಟರು, ಕಾಲಿಗೆ ದಪ್ಪ ಬಿಳಿ ಸಾಕ್ಸು ಮತ್ತು ಓಟಗಾರರ ಶೂಸು ಹಾಕುತ್ತಿದ್ದರು. ಲೆಕ್ಕ ಶುರುಮಾಡುವ ಮೊದಲು ಸೆರಗನ್ನು ಹಿಂದಿನಿಂದ ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಳ್ಳುತ್ತಿದ್ದರು. ಅದನ್ನು ನೋಡಿದ ಕೂಡಲೇ ಮಕ್ಕಳು ಮಾತು ನಿಲ್ಲಿಸುತ್ತಿದ್ದವು.

"ಇದು ಭಾಳ ಸೊಕ್ಕಿನ ಲೆಕ್ಕ ಐತಿ" ಎನ್ನುತ್ತಿದ್ದರು. "ಬರ್ರಿ, ಸೊಕ್ಕ ಮುರಿಯೂಣು."

ಡಿವೈಡ್ ಮಾಡಬೇಕಾ ಎಂದು ಒಬ್ಬ ಹುಡುಗ ಇಂಗ್ಲಿಷಿನಲ್ಲಿ ಕೇಳುತ್ತಿದ್ದ.

"ಮಾಡಪಾ. ಆದ್ರ ಎದರಿಂದ ಭಾಗಿಸ್ತಿ, ಅದು ಸೊನ್ನಿ ಐತೇನು ಅಂತ ಮೊದಲ ಕೇಳು. ಕೇಳದ ಕೈ ಹಚ್ಚಬ್ಯಾಡ."

ಅವರು ಇಂಗ್ಲಿಷ್ ಆಡುತ್ತಿರಲಿಲ್ಲ, ಮಕ್ಕಳು ಕನ್ನಡ ಆಡುತ್ತಿರಲಿಲ್ಲ. ಆದರೂ ಪಾಠ ಎಲ್ಲಿಯೂ ನಿಂತದ್ದನ್ನು ನಾನು ಕಾಣೆ. ಗಿಲ್‌ರಾಯ್‌ನಿಂದ ಒಬ್ಬ ತಂದೆ ಅವಳಿ ಮಕ್ಕಳನ್ನು ಕರೆತರುತ್ತಿದ್ದ. ಅಷ್ಟು ದೂರದ ದಾರಿ, ಮಕ್ಕಳು ಕಾರಿನಲ್ಲೇ ನಿದ್ದೆ ಹೋಗಿರುತ್ತಿದ್ದವು. ಅಕ್ಕೋರು ಅವರನ್ನು ಎಬ್ಬಿಸಲು ಬಿಡುತ್ತಿರಲಿಲ್ಲ. ಜಮಖಾನದ ತುದಿಗೆ ಮಲಗಿಸಿ ಶಾಲು ಹೊದಿಸುತ್ತಿದ್ದರು. "ನಿದ್ದಿಗಣ್ಣಾಗ ಹೇಳಿಕೊಟ್ರ ಲೆಕ್ಕದ ಮ್ಯಾಲ ಸಿಟ್ಟ ಬರ್ತೈತಿ, ಪಾಪ." ಆ ಇಬ್ಬರಿಗೆ ಬಿಟ್ಟುಹೋದ ಪಾಠವನ್ನು ಎಲ್ಲರೂ ಹೋದ ಮೇಲೆ ಮತ್ತೆ ಹೇಳುತ್ತಿದ್ದರು.

ಇಷ್ಟು ಒಳ್ಳೆಯದನ್ನು ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕು. ಅಕ್ಕೋರಿಗೆ ಮಕ್ಕಳನ್ನು ನೋಡಿದ ಕೂಡಲೇ ತೀರ್ಮಾನಿಸುವ ಅಭ್ಯಾಸವಿತ್ತು. ಎರಡು ಬ್ಯಾಚುಗಳಿದ್ದವು. ಬೆಳಗಿನದು ಚುರುಕು ಮಕ್ಕಳಿಗೆ, ಹನ್ನೊಂದರದು ನಿಧಾನದವರಿಗೆ. ಹೊಸ ಮಗು ಬಂದರೆ ಒಂದು ಹಾಳೆ ಲೆಕ್ಕ ಮಾಡಿಸುತ್ತಿದ್ದುದು ನಿಜ, ಆದರೆ ಮಗು ಬಾಗಿಲಲ್ಲಿ ನಿಂತಾಗಲೇ ಅವರ ಮನಸ್ಸಿನಲ್ಲಿ ಬ್ಯಾಚು ಗೊತ್ತಾಗಿರುತ್ತಿತ್ತು. ನಮಗೆಲ್ಲ ಅದೇ ಹೆಮ್ಮೆ. ಅಕ್ಕೋರು ಒಂದು ಸಲ ನೋಡಿದರೆ ಸಾಕು ಎಂದು ಹೊಸಬರಿಗೆ ಹೇಳುತ್ತಿದ್ದೆವು.

ಅವರು ನೋಡುತ್ತಿದ್ದುದು ತಲೆಯನ್ನು. ಅದೂ ನಮಗೆ ಗೊತ್ತಿತ್ತು. "ಕೂದ್ಲಿಗೆ ಬಣ್ಣ ಹಚ್ಚಾಕ ಹತ್ತಿದ್ರು ಅಂದ್ರ ಲಕ್ಷ್ಯ ಕನ್ನಡ್ಯಾಗ ಹೋತಂತ ತಿಳೀರಿ" ಎಂದು ಯಾವಾಗಲೋ ಹೇಳಿದ್ದರು. ಆ ಮಾತು ತಾಯ್ತಂದೆಯರ ವಾಟ್ಸಾಪ್ ಗುಂಪಿನಲ್ಲಿ ಊರೆಲ್ಲ ಸುತ್ತಿತು. ಹೊಂಗೂದಲಿನ ಹುಡುಗಿಯರು ದಡ್ಡಿಯರು ಎಂಬ ಅಮೆರಿಕದ ಹಳೆಯ ಜೋಕುಗಳನ್ನು ಒಬ್ಬರು ಅದರ ಕೆಳಗೆ ಹಾಕಿದರು, ಉಳಿದವರು ನಕ್ಕರು. ಹೀಗಾಗಿ ಅಕ್ಕೋರ ಮುಂದೆ ಮೊದಲ ದಿನ ಹೋಗುವುದೆಂದರೆ ಒಂದು ವಿಧಿಯೇ ಆಯಿತು. ತಾಯಂದಿರು ಹಿಂದಿನ ಸಂಜೆ ಮಗಳ ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕುತ್ತಿದ್ದರು. ಕಿವಿಯ ಹತ್ತಿರ ನೀಲಿ ಬಳಿದುಕೊಂಡಿದ್ದ ಒಬ್ಬ ಹುಡುಗ ವರ್ಷವಿಡೀ ಟೋಪಿ ತೆಗೆಯಲಿಲ್ಲ. ನನ್ನ ಮಗಳು ಜಡೆಯ ತುದಿಗೆ ನೇರಳೆ ಬಣ್ಣ ಬೇಕೆಂದಾಗ, ಅಕ್ಕೋರ ಹತ್ತಿರ ಕಲಿಯೋದು ಮುಗೀಲಿ, ಆಮೇಲೆ ಏನಾದ್ರೂ ಮಾಡ್ಕೋ ಎಂದಿದ್ದೆ.

ಅಕ್ಕೋರ ಕೂದಲು ಮಾತ್ರ ಕಾಡಿಗೆಯಂತೆ ಕಪ್ಪಗಿರುತ್ತಿತ್ತು. ಬಣ್ಣದ ಪೊಟ್ಟಣವನ್ನು ಇಂಡಿಯನ್ ಗ್ರೋಸರಿಯಿಂದ ತಂದುಕೊಡುತ್ತಿದ್ದವಳು ನಾನೇ. ಭಾನುವಾರ ಮನೆಯ ಹಿಂದಿನ ಪ್ಯಾಟಿಯೋದಲ್ಲಿ ಹಳೆ ಟವೆಲ್ಲು ಹೊದ್ದು, ಕೈಗನ್ನಡಿ ಹಿಡಿದು ಕೂರುತ್ತಿದ್ದರು. ವಯಸ್ಸಾದವರು ನರೆ ಮುಚ್ಚಿಕೊಳ್ಳುತ್ತಾರೆ, ಅದರಲ್ಲಿ ಯೋಚಿಸುವುದೇನು ಎಂದುಕೊಂಡಿದ್ದೆ.

ಹೋದ ಬೇಸಿಗೆ ರಜೆಯಲ್ಲಿ ಒಂದು ಹುಡುಗಿ ಬಂದಳು. ಎಂಟನೆಯದು ಮುಗಿಸಿ ಒಂಬತ್ತಕ್ಕೆ ಹೋಗುವವಳು. ತಾಯಿ ಮೈಸೂರಿನವರು, ಪಾಲೋ ಆಲ್ಟೋದ ಆಫೀಸೊಂದರಲ್ಲಿ ಕೆಲಸ. ತಡವಾಗಿ ಬಂದರು. ಹುಡುಗಿ ಬಾಗಿಲಲ್ಲಿ ನಿಂತಾಗ ಹಿಂದಿನಿಂದ ಬಿಸಿಲು ಬೀಳುತ್ತಿತ್ತು, ಅವಳ ಕೂದಲು ತಾಮ್ರದ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ಬಂಗಾರದಂತೆ ಮಾಸಿತ್ತು. ಎಣ್ಣೆ ಇಲ್ಲ, ಜಡೆ ಇಲ್ಲ. ಒದ್ದೆಯಾಗಿ ಹೆಗಲ ಮೇಲೆ ಬಿದ್ದಿತ್ತು.

ನಾನು ಹಾಳೆ ಕೊಟ್ಟೆ. ಬಂದದ್ದೇ ತಡವಾದ್ದರಿಂದ ಅರ್ಧದಷ್ಟು ಲೆಕ್ಕ ಮಾಡುವುದರಲ್ಲಿ ಸಮಯ ಮುಗಿಯಿತು. ಅಕ್ಕೋರು ಹಾಳೆಯನ್ನು ತಿರುಗಿಸಿ, ಹಿಂದೆ ಖಾಲಿ ಇದ್ದುದನ್ನು ನೋಡಿ, ಹುಡುಗಿಯ ತಲೆಯನ್ನು ನೋಡಿ, "ಈಕಿ ಹನ್ನೊಂದರಾಗ ಕುಂದ್ರಲಿ" ಎಂದರು. ಮಾಡಿದ ಅರ್ಧ ಎಲ್ಲವೂ ಸರಿಯಿತ್ತು. ನಾನು ನೋಡಿದ್ದೆ. ಉಳಿದ ಅರ್ಧಕ್ಕೆ ಸಮಯ ಕೊಡೋಣವಾ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅಕ್ಕೋರ ಮಾತಿಗೆ ಎದುರಾಡಲಾರದೆ ಸುಮ್ಮನಿದ್ದೆ ಎಂದರೆ ಅದು ಪೂರ್ತಿ ನಿಜವಲ್ಲ. ನನಗೂ ಅವರ ತೀರ್ಮಾನ ಸರಿಯೆಂದೇ ಕಂಡಿತ್ತು. ಹಾಳೆಗಿಂತ ಮೊದಲು ನಾನೂ ಕೂದಲನ್ನೇ ನೋಡಿದ್ದೆ.

ಹುಡುಗಿ ಹನ್ನೊಂದರ ಬ್ಯಾಚಿನಲ್ಲಿ ಗೋಡೆಗೆ ಒರಗಿ ಕೂತಳು. ಮೊದಮೊದಲು ಕೊಟ್ಟ ಲೆಕ್ಕವನ್ನು ಬೇಗ ಮುಗಿಸಿ ಕೈಕಟ್ಟಿ ಕೂರುತ್ತಿದ್ದಳು. ಸ್ವಲ್ಪ ದಿನದ ಮೇಲೆ ಉಳಿದವರ ಜೊತೆಗೇ ಮುಗಿಸತೊಡಗಿದಳು. ಬೇಸಿಗೆಯ ಕೊನೆಗೆ ಅವರಿಗಿಂತ ತಡವಾಗಿ. ಅವಳು ನಿಧಾನವಾದದ್ದನ್ನು ನಾನು ನೋಡುತ್ತಲೇ ಇದ್ದೆ. ನೋಡಿದ್ದು ಏನೆಂದು ಆಗ ತಿಳಿಯಲಿಲ್ಲ.

ಆಗಸ್ಟಿನ ಆರಂಭದಲ್ಲಿ ತಾಯಿ ಬಂದು ಕೇಳಿದರು. "ಅಕ್ಕೋರೆ, ಸ್ಕೂಲಲ್ಲಿ ಅಡ್ವಾನ್ಸ್ಡ್ ಮ್ಯಾಥ್ಸ್‌ಗೆ ಟೆಸ್ಟ್ ಇದೆ. ಪಾಸಾದ್ರೆ ನೈನ್ತ್‌ನಲ್ಲಿ ಒಂದು ಲೆವೆಲ್ಲು ಮುಂದೆ ಹೋಗ್ಬಹುದು. ಇದೊಂದೇ ಚಾನ್ಸು. ಕೂರಿಸ್ಲಾ?"

"ಯಾಕ ತ್ರಾಸ ಕೊಡ್ತೀರಿ ಆ ಕೂಸಿಗೆ" ಎಂದರು ಅಕ್ಕೋರು. "ಇದ್ದಲ್ಲೇ ಇರ್ಲಿ ಬಿಡ್ರಿ."

ತಾಯಿ ತಲೆಯಾಡಿಸಿದರು. ಹುಡುಗಿ ಬಾಗಿಲ ಹತ್ತಿರ ಶೂಸು ಹಾಕಿಕೊಳ್ಳುತ್ತಿದ್ದಳು. ಅವಳಿಗೆ ಎಷ್ಟು ಕೇಳಿಸಿತು, ಕೇಳಿಸಿದ್ದು ಎಷ್ಟು ಅರ್ಥವಾಯಿತು ಎಂದು ನಾನು ಆಗ ಯೋಚಿಸಲಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಆಡಲು ಬಾರದಿದ್ದರೂ ಕೇಳಿದರೆ ತಿಳಿಯುತ್ತದೆ. ಅದನ್ನು ನಾವು ಅನುಕೂಲಕ್ಕೆ ಮರೆಯುತ್ತೇವೆ.

ಅಕ್ಟೋಬರಿನಲ್ಲಿ ಅಕ್ಕೋರ ಮೊಮ್ಮಗನಿಗೆ ಈಜಿನ ಸ್ಪರ್ಧೆ ಇತ್ತು. ಮಗಳಿಗೆ ಕೆಲಸವಿದ್ದುದರಿಂದ ನಾನು ಅಕ್ಕೋರನ್ನು ಕರೆದುಕೊಂಡು ಹೋದೆ. ಕೊಳದ ಪಕ್ಕದ ಮೆಟ್ಟಿಲುಬೆಂಚಿನ ಮೇಲೆ ಕೂತೆವು. ಅಕ್ಕೋರು ಸ್ವಲ್ಪ ಹೊತ್ತು ಮಕ್ಕಳನ್ನು ನೋಡಿ ಕೇಳಿದರು. "ಏನ್ರಿ ಇದು, ಇಲ್ಲೆ ಎಲ್ಲಾ ಹುಡುಗ್ರೂ ಬಣ್ಣ ಹಚ್ಕೊಂಡಾರಲ್ಲ?"

ನಿಜವಾಗಿಯೂ ಹಾಗೇ ಇತ್ತು. ಟೋಪಿ ತೆಗೆದ ತಲೆಗಳಲ್ಲಿ ಅರ್ಧಕ್ಕರ್ಧ ತಾಮ್ರ, ಕಂದು, ಮಾಸಿದ ಬಂಗಾರ. ಮೊಮ್ಮಗ ನಕ್ಕ. "ಇಟ್ಸ್ ಕ್ಲೋರಿನ್, ಅಜ್ಜಿ. ಪೂಲ್ ನೀರು. ಎಲ್ರಿಗೂ ಹಂಗೇ ಆಗುತ್ತೆ." ತನ್ನ ತಲೆಯನ್ನು ಬಗ್ಗಿಸಿ ತೋರಿಸಿದ. ಅವನದೂ ತುದಿ ಕೆಂಪಾಗತೊಡಗಿತ್ತು.

ಅಷ್ಟರಲ್ಲಿ ನಮ್ಮ ಮುಂದಿನ ಸಾಲಿಗೆ, ಬೇಸಿಗೆಯಲ್ಲಿ ಹನ್ನೊಂದರ ಬ್ಯಾಚಿಗೆ ಬರುತ್ತಿದ್ದ ಆ ಹುಡುಗಿ ಬಂದು ನಿಂತಳು, ಬೆನ್ನು ನಮ್ಮ ಕಡೆಗೆ. ರಿಲೇ ನಡೆಯುತ್ತಿತ್ತು. ಅವಳು ಗೋಡೆಯ ಮೇಲಿನ ಗಡಿಯಾರದ ಹಲಗೆ ನೋಡುತ್ತಾ, ಇಷ್ಟು ಹೊತ್ತು ಒಬ್ಬೊಬ್ಬರಿಗೆ ತಗುಲಿದ ಸಮಯವನ್ನು ಸೆಕೆಂಡಿನ ಚೂರುಗಳ ಸಮೇತ ಕೂಡಿ, ಕಳೆದು, ಕೊನೆಯವಳು ಎಷ್ಟರಲ್ಲಿ ಮುಟ್ಟಿದರೆ ಗೆಲ್ಲುತ್ತೇವೆ ಎಂದು ಪಕ್ಕದವಳಿಗೆ ಹೇಳಿದಳು. ಹೇಳುವಾಗ ಬಾಳೆಹಣ್ಣು ತಿನ್ನುತ್ತಿದ್ದಳು. ಅಕ್ಕೋರ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುತ್ತಿತ್ತು. ಹುಡುಗಿ ಉತ್ತರ ಹೇಳಿದಾಗ ಅವರು ಇನ್ನೂ ಎಣಿಸುತ್ತಿದ್ದರು. ಎಣಿಸಿ ಮುಗಿಸಿದರು. ಹುಡುಗಿ ಹೇಳಿದ್ದೇ ಸರಿಯಿತ್ತು.

ರಿಲೇ ಮುಗಿದ ಮೇಲೆ ಅಕ್ಕೋರು ಕೆಳಗಿಳಿದರು. ನಾನು ಅವರ ತೋಳು ಹಿಡಿದಿದ್ದೆ, ಆದ್ದರಿಂದ ಎಲ್ಲವನ್ನೂ ಕೇಳಿದೆ.

"ಯವ್ವಾ, ಅಷ್ಟ ಲಗೂನ ಹೆಂಗ ಲೆಕ್ಕ ಹಾಕಿದಿ?"

ಹುಡುಗಿಗೆ ಪ್ರಶ್ನೆ ವಿಚಿತ್ರವಾಗಿ ಕಂಡಿತು. ಅದು ಮ್ಯಾಥ್ ಅಲ್ಲ, ಈಜುವವರೆಲ್ಲ ಹಾಗೆ ನೋಡಿಕೊಳ್ಳುತ್ತೇವೆ, ಎಂದಳು ಇಂಗ್ಲಿಷಿನಲ್ಲಿ.

"ಮತ್ತೇನದು? ಲೆಕ್ಕ ಅಲ್ಲಂದ್ರ?"

ನಾನು ಮ್ಯಾಥ್ ಪರ್ಸನ್ ಅಲ್ಲ ಎಂದಳು.

"ಹಂಗಂತ ಯಾರ ಹೇಳಿದ್ರು ನಿನಗ?"

ಹುಡುಗಿ ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಯೂ ಡಿಡ್" ಎಂದಳು. "ಕೈಂಡ್ ಆಫ್." ಅದರಲ್ಲಿ ಸಿಟ್ಟಿರಲಿಲ್ಲ. ಕೇಳಿದ್ದಕ್ಕೆ ಸರಿಯಾದ ಉತ್ತರ ಯಾವುದು ಎಂದು ಯೋಚಿಸಿ ಕೊಟ್ಟ ಉತ್ತರ ಅದು. ಅಕ್ಕೋರ ಮುಖ ನೋಡಿ ಅವಳಿಗೇ ಕೆಡುಕೆನಿಸಿರಬೇಕು. "ಇಟ್ಸ್ ಫೈನ್, ಅಕ್ಕೋರು" ಎಂದು ಹೇಳಿ ಗೆಳತಿಯರ ಕಡೆ ಹೋದಳು.

ಮರಳುವಾಗ ಫ್ರೀವೇ ತುಂಬಿತ್ತು. ಸಮಾಧಾನಕ್ಕೆಂದು ನಾನೇ ಅಂದೆ. "ಅವಳು ಬಣ್ಣ ಹಾಕೇ ಇರ್ಲಿಲ್ಲ ಅಕ್ಕೋರೆ. ಪೂಲ್ ನೀರು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ಹಚ್ಚಿದ್ರ?" ಎಂದರು.

ನಾನು ಅವರ ಕಡೆ ನೋಡಿದೆ.

"ಹಚ್ಚಿದ್ರ ಏನಾಗ್ತಿತ್ರಿ? ಹಚ್ಚಿದ್ರ ನಾ ಹಂಗ ಮಾಡಬಹುದಿತ್ತೇನು?"

ಮುಂದಿನ ಕಾರಿನ ಕೆಂಪು ದೀಪಗಳನ್ನು ನೋಡುತ್ತಾ ಅವರೇ ಮುಂದುವರಿದರು.

"ನಾ ಸಣ್ಣಾಕಿದ್ದಾಗ ನನ್ನ ತಲಿ ಹೆಂಗಿತ್ತು ಗೊತ್ತೈತೇನ್ರಿ ನಿಮಗ? ಕೆಂಚ. ಪೂರಾ ಕೆಂಚ. ಸಾಲ್ಯಾಗ ನನ್ನ ಹೆಸರ ಯಾರಿಗೂ ಗೊತ್ತಿದ್ದಿಲ್ಲ, ಕೆಂಚೀ ಅಂತ ಕರೀತಿದ್ರು. ನಮ್ಮ ಅಕ್ಕೋರು ಒಬ್ರು, ಎಣ್ಣಿ ಕಾಣದ ತಲಿ, ಇದಕ್ಕೇನ ಲೆಕ್ಕ ತಿಳೀತೈತಿ ಅಂತ ಹಿಂದಿನ ಸಾಲಿನ್ಯಾಗ ಕುಂದ್ರಿಸಿದ್ರು. ನಮ್ಮವ್ವ ಎರಡೂ ಹೊತ್ತು ಎಣ್ಣಿ ತಿಕ್ಕತಿದ್ಲು. ಎಣ್ಣಿಗೂ ಬಣ್ಣಕ್ಕೂ ಏನ ಸಂಬಂಧ? ಹುಟ್ಟಿದ್ದ ಹಂಗ ನಾನು."

ಆಮೇಲಿನದನ್ನೂ ಹೇಳಿದರು. "ಟ್ರೇನಿಂಗ ಕಾಲೇಜಿಗೆ ಹೋಗೂಮುಂದ ಕರಿ ಬಣ್ಣ ಹಚ್ಕೊಂಡೆ. ಹೊಸಾ ಊರು, ಯಾರಿಗೂ ಗೊತ್ತಿಲ್ಲ. ಮರದಿನದಿಂದ ಎಲ್ಲಾರೂ ನನ್ನ ಶಾಣ್ಯಾಕಿ ಅನ್ನಾಕ ಹತ್ತಿದ್ರು. ತಲಿಯೊಳಗ ಇದ್ದದ್ದು ಹಿಂದಿನ ದಿನದ್ದ ಇತ್ರಿ." ಆಮೇಲೆ ಅದನ್ನು ಬಿಡಲು ಧೈರ್ಯ ಬರಲಿಲ್ಲವಂತೆ. ಮದುವೆಯಾಗಿ ಎಷ್ಟೋ ದಿನ ಗಂಡನಿಗೆ ತಿಳಿದಿರಲಿಲ್ಲ; ಮಗಳಿಗೆ ತಿಳಿಯಲೇ ಇಲ್ಲ.

"ಇಷ್ಟೆಲ್ಲಾ ಗೊತ್ತಿದ್ದಾಕಿ ನಾನು" ಎಂದರು. "ಬ್ಯಾರೇ ಯಾರರೆ ಮಾಡಿದ್ರ..."

ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ತಾಯಿಗೆ ಫೋನು ಮಾಡಿ, ನಂದು ತಪ್ಪಾತು, ಟೆಸ್ಟಿಗೆ ಕುಂದ್ರಿಸಬೇಕಿತ್ತು ಎಂದರು. ತಾಯಿ, "ಪರವಾಗಿಲ್ಲ ಬಿಡಿ ಅಕ್ಕೋರೆ, ಅವಳಿಗೂ ಸ್ಟ್ರೆಸ್ ಕಮ್ಮಿ" ಎಂದರು. ಬೇರೆ ಕೂರಿಸಿಕೊಂಡು ಹೇಳಿಕೊಡುತ್ತೇನೆ ಎಂದರೆ ಹುಡುಗಿ ಬರಲಿಲ್ಲ, ಪ್ರ್ಯಾಕ್ಟೀಸಿದೆ ಎಂದಳು. ಅದು ಸುಳ್ಳೂ ಅಲ್ಲ. ಕ್ಲಾಸು ಮುಗಿದ ಮೇಲೆ ಶನಿವಾರ ಮಧ್ಯಾಹ್ನ ಅಕ್ಕೋರು ನನ್ನ ಕಾರಿನಲ್ಲಿ ಕೊಳದ ಹತ್ತಿರ ಹೋಗಿ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಹುಡುಗಿ ದೂರದಿಂದ ಕೈ ಬೀಸುತ್ತಿದ್ದಳು, ಹತ್ತಿರ ಬರುತ್ತಿರಲಿಲ್ಲ. ಈಜುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಕೂದಲು ಅಷ್ಟು ಕೆಡುವುದಿಲ್ಲವಂತೆ, ಹೇಳಿ ಎಂದೆ ಒಮ್ಮೆ. "ಆಕೀಗೆ ಎಣ್ಣಿ ಹಚ್ಕೋ ಅನ್ನಾಕ ನನಗ ಬಾಯಿ ಐತೇನ್ರಿ?" ಎಂದರು.

ನವೆಂಬರಿನಲ್ಲಿ ನಾನು ತಂದುಕೊಟ್ಟ ಬಣ್ಣದ ಪೊಟ್ಟಣವನ್ನು ಹಿಂದಕ್ಕೆ ಕೊಟ್ಟರು. ಬ್ಯಾಚುಗಳನ್ನು ಒಂದು ಮಾಡಿದರು. ಹೊಸ ಮಗು ಬಂದರೆ ಕುರ್ಚಿಯನ್ನು ತಿರುಗಿಸಿ, ಹಲಗೆಗೆ ಮುಖಮಾಡಿ ಕೂತು, "ಓದಿ ಹೇಳು, ಹೆಂಗ ಮಾಡ್ತಿ ಹೇಳು" ಎಂದು ಕಿವಿಗೊಡುತ್ತಿದ್ದರು. ಎಲ್ಲ ಲೆಕ್ಕ ಮುಗಿದ ಮೇಲೆಯೇ ಮಗುವಿನ ಕಡೆ ತಿರುಗುತ್ತಿದ್ದರು. ಎಣ್ಣೆ ಹಚ್ಚಿ ಜಡೆ ಹಾಕಿ ಕರೆತಂದ ತಾಯಂದಿರು ಬಾಗಿಲಲ್ಲಿ ನಿಂತು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು.

ಬೈತಲೆಯ ಎರಡೂ ಬದಿಗೆ ಹೊಸ ಕೂದಲು ಕಾಣತೊಡಗಿತು. ಅದು ನರೆಯ ಬಿಳುಪಲ್ಲ, ಪೂರ್ತಿ ಕೆಂಚೂ ಅಲ್ಲ. ಒಣಹುಲ್ಲಿನ ಬಣ್ಣ. "ಬಿಳೀ ಆದ್ರ ಶಾಣ್ಯಾ ಅಂತಿದ್ರು" ಎಂದು ಅಕ್ಕೋರು ನಗುತ್ತಿದ್ದರು. "ಇದು ಯಾವ ಲೆಕ್ಕಕ್ಕೂ ಇಲ್ಲ ನೋಡ್ರಿ." ವಾಟ್ಸಾಪ್ ಗುಂಪಿನಲ್ಲಿ ಒಬ್ಬ ತಂದೆ ಬರೆದ: ಅಕ್ಕೋರು ಬ್ಲಾಂಡ್ ಆಗ್ತಿದಾರೆ, ಇನ್ನು ಮಕ್ಕಳ ಮ್ಯಾಥ್ಸ್ ಗೋವಿಂದ. ಕೆಳಗೆ ನಗುವ ಮುಖಗಳು ಬಂದವು. ನಾನು ನಗುವ ಮುಖ ಒತ್ತಲಿಲ್ಲ. ಹಾಗನ್ನಬೇಡಿ ಎಂದೂ ಬರೆಯಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕೆಲವು ಮಕ್ಕಳು ಬೇರೆ ಕಡೆ ಸೇರಿದ್ದರು. ಅಕ್ಕೋರಿಗೆ ವಯಸ್ಸಾಯಿತು, ಗೋಡೆಯ ಜೊತೆ ಮಾತಾಡುತ್ತಾರೆ ಎಂದು ಕಾರಣ ಹೇಳಿದರು.

ಹೃದಯಾಘಾತ ಆದದ್ದು ಯುಗಾದಿ ಕಳೆದು ಸ್ವಲ್ಪ ದಿನಕ್ಕೆ, ಬೆಳಿಗ್ಗೆ ಚಹಾಕ್ಕೆ ನೀರಿಟ್ಟಾಗ. ಮಗಳು 911ಕ್ಕೆ ಫೋನು ಮಾಡಿದಳು, ಆಂಬುಲೆನ್ಸು ಬೇಗನೇ ಬಂತು. ಏನೂ ಉಪಯೋಗವಾಗಲಿಲ್ಲ. ಗೋಡೆಯ ಈಚೆ ನಾನು ಕಾಫಿ ಕುಡಿಯುತ್ತಿದ್ದೆ.

ಫ್ಯೂನರಲ್ ಹೋಮಿನ ಫೋನು ಬಂದ ಮರುದಿನ ಬೆಳಿಗ್ಗೆ ಅಕ್ಕೋರ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಕುರ್ಚಿಯ ಮೇಲೆ ಕೂತು ಕೇಳಿದಳು. "ನನಗ ಯಾಕ ಹೇಳ್ಲಿಲ್ಲ ಅವ್ವ?" ಎಂದಳು. ಆಮೇಲೆ ಕಣ್ಣೊರೆಸಿಕೊಂಡು, "ಆದ್ರ ಆಂಟಿ, ಧಾರವಾಡದಿಂದ ಎಲ್ಲಾರೂ ವಿಡಿಯೋದಾಗ ನೋಡ್ತಾರ. ಇಲ್ಲಿಯವರು ಬರ್ತಾರ. ಅರ್ಧಾ ಕರಿ, ಅರ್ಧಾ ಹಿಂಗ... ಮಂದಿ ಏನಂತಾರ? ಮಗಳು ನೋಡ್ಕೊಳ್ಳಿಲ್ಲ ಅಂತಾರ."

ಆ ಮಾತೂ ನನಗೆ ಅರ್ಥವಾಯಿತು. ಬಣ್ಣ ಹಚ್ಚಿಸುವುದು ಬೇಡ ಎಂದೆ. ಹಾಗಾದರೆ ಏನು ಮಾಡುವುದು ಎಂದಳು. ತಲೆಯ ಮೇಲೆ ಸೆರಗು ಹೊದಿಸಿ, ಮೇಲೆ ಮಲ್ಲಿಗೆ ಇಟ್ಟರೆ ಯಾವುದೂ ಕಾಣುವುದಿಲ್ಲ ಎಂದೆ. ಸೆರಗಿನ ಮಾತು ಎತ್ತಿದವಳು ನಾನು. ಆ ಕ್ಷಣ ಅದು ಎಲ್ಲರಿಗೂ ಒಪ್ಪುವ ದಾರಿಯಾಗಿ ಕಂಡಿತ್ತು.

ಅಂತಿಮ ದರ್ಶನಕ್ಕೆ ಬಹಳ ಜನ ಬಂದರು. ನಾನು ಪೆಟ್ಟಿಗೆಯ ತಲೆಯ ಬದಿಗೆ ನಿಂತಿದ್ದೆ. ಅಕ್ಕೋರ ಮಗಳು ಕಾಲಿನ ಬದಿಗೆ. ಎದುರಿಗೆ ಸ್ಟ್ಯಾಂಡಿನ ಮೇಲೆ ಫೋನು, ಅದರಲ್ಲಿ ಧಾರವಾಡದ ಒಂದು ಕೋಣೆ ತುಂಬ ಜನ. ಅಕ್ಕೋರ ಹಸಿರು ಇಳಕಲ್ ಸೀರೆಯ ಸೆರಗು ಹಣೆಯವರೆಗೂ ಇಳಿದಿತ್ತು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಯಾರದೋ ಮನೆಯ ಹಿರಿಯ ಸೊಸೆಯಂತೆ, ಮಾತಾಡಲು ಅಂಜುವವರಂತೆ ಕಾಣುತ್ತಿದ್ದರು. ಬಂದವರು ಎಷ್ಟು ಲಕ್ಷಣವಾಗಿದ್ದಾರೆ ಎಂದು ಹೇಳಿ ಮುಂದೆ ಹೋಗುತ್ತಿದ್ದರು.

ಆ ಹುಡುಗಿ ತಾಯಿಯ ಜೊತೆ ಬಂದಳು. ಪ್ರ್ಯಾಕ್ಟೀಸಿನಿಂದ ನೇರವಾಗಿ ಬಂದಿರಬೇಕು, ಕೂದಲು ಒದ್ದೆಯಿತ್ತು, ಕ್ಲೋರಿನ್ನಿನ ವಾಸನೆ ಬರುತ್ತಿತ್ತು. ಹೂವಿಟ್ಟು ಮುಂದೆ ಹೋಗದೆ ನಿಂತಳು. ಹಿಂದೆ ಸಾಲು ನಿಂತಿತು.

"ಅಕ್ಕೋರು ಸೆರಗು ಹಿಂಗೆ ಹಾಕಲ್ಲ" ಎಂದಳು. ಕನ್ನಡದಲ್ಲಿ. ಅವಳು ಕನ್ನಡ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತಾಯಿ ಅವಳ ಮೊಣಕೈ ಹಿಡಿದರು. ಹುಡುಗಿ ನನ್ನ ಕಡೆ ನೋಡಿದಳು. ಮಾಡಲಾ ಎಂದು ಕಣ್ಣಲ್ಲೇ ಕೇಳಿದಳು. ನಾನು ಅಕ್ಕೋರ ಮಗಳ ಕಡೆ ನೋಡಿದೆ. ಮಗಳು ಫೋನಿನ ಕಡೆ ನೋಡಿದಳು, ಆಮೇಲೆ ತಲೆ ತಗ್ಗಿಸಿದಳು. ಬೇಡ ಎಂದು ಯಾರೂ ಹೇಳಲಿಲ್ಲ.

ಹುಡುಗಿ ಮಲ್ಲಿಗೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಸೆರಗನ್ನು ಎರಡೂ ಕೈಯಿಂದ ತಲೆಯ ಮೇಲಿನಿಂದ ಹಿಂದಕ್ಕೆ ಸರಿಸಿ, ಹೆಗಲ ಕೆಳಗಿಂದ ಮುಂದಕ್ಕೆ ತಂದು, ಸೊಂಟದ ಹತ್ತಿರ ಬಿಗಿಯಾಗಿ ಸಿಕ್ಕಿಸಿದಳು. ಲೆಕ್ಕ ಶುರುಮಾಡುವ ಮೊದಲು ಅಕ್ಕೋರು ಮಾಡುತ್ತಿದ್ದ ಹಾಗೆಯೇ. ಹನ್ನೊಂದರ ಬ್ಯಾಚಿನಲ್ಲಿ ಗೋಡೆಗೆ ಒರಗಿ ಕೂತು ಅದನ್ನು ಅವಳು ಅಷ್ಟು ಸರಿಯಾಗಿ ನೋಡಿಟ್ಟುಕೊಂಡಿದ್ದಳು. ಅದು ಕ್ಷಮೆಯೋ, ಅಥವಾ ಸರಿಯಾಗಿರಬೇಕಾದ್ದು ತಪ್ಪಾಗಿದ್ದುದನ್ನು ನೋಡಲಾರದೆ ಮಾಡಿದ್ದೋ, ನನಗೆ ತಿಳಿಯದು. ಅವಳ ಮುಖದಲ್ಲಿ ನನಗೆ ಏನೂ ಕಾಣಲಿಲ್ಲ.

ಅಕ್ಕೋರ ತಲೆ ಬಯಲಾಯಿತು. ಒಣಹುಲ್ಲಿನ ಬಣ್ಣ, ಆಮೇಲೆ ಕಪ್ಪು. ನಡುವೆ ಗೆರೆ ಎಳೆದಂತೆ.

"ಅಯ್ಯೋ, ಇದೇನು, ಅಕ್ಕೋರ ಕೂದಲು..." ಎಂದರು ಹುಡುಗಿಯ ತಾಯಿ, ಪಿಸುಮಾತಿನಲ್ಲಿ.

"ಅದು ಅವರದೇ ಕೂದಲು, ಅಮ್ಮ" ಎಂದಳು ಹುಡುಗಿ. ಹೇಗೆ ತಿಳಿಯಿತೋ, ಅವಳಿಗೂ ಗೊತ್ತಿತ್ತು.

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡುತ್ತಿದ್ದರು. ವಾಟ್ಸಾಪ್ ಗುಂಪಿನಲ್ಲಿ ನಕ್ಕವರೂ ಅಲ್ಲಿದ್ದರು. ನನಗೆ ಗೊತ್ತಿಲ್ಲದಂತೆಯೇ ನನ್ನ ಕೈ ಸೆರಗಿನ ಕಡೆ ಹೋಗಿತ್ತು, ಅದನ್ನು ಮತ್ತೆ ತಲೆಯ ಮೇಲಕ್ಕೆ ಎಳೆಯಲು. ಬೆರಳಿಗೆ ಸೀರೆಯ ಅಂಚು ತಾಗಿದ ಮೇಲೆ ನನ್ನ ಕೈ ನನಗೆ ಕಂಡಿತು. ಹಿಂದಕ್ಕೆ ತೆಗೆದುಕೊಂಡೆ.